ಆಶ್ಚರ್ಯಸೂಚಕ ಚಿಹ್ನೆ: ಭಾಷೆಯಲ್ಲಿ ಭಾವ, ಗಣಿತದಲ್ಲಿ ಗುಣಾಕಾರ

ಕೆಲವು ವರ್ಷಗಳ ಹಿಂದೆ ಪದವಿ ತರಗತಿಯೊಂದರಲ್ಲಿ ಅನಿಲಗಳ ಅಣುಚಲನವಾದವನ್ನು ಬೋಧಿಸುತ್ತಿದ್ದೆನು. ನಾಲ್ಕು ಅಣುಗಳನ್ನು ನಾಲ್ಕು ಸ್ಥಾನಗಳಲ್ಲಿ ಎಷ್ಟು ವಿಧವಾಗಿ ಇರಿಸಬಹುದು ಎಂಬುದು ಅಂದಿನ ಲೆಕ್ಕ. ಉತ್ತರ ಇಪ್ಪತ್ತನಾಲ್ಕು. ನಾಲ್ಕೇ ವಸ್ತುಗಳಿಂದ ಇಷ್ಟೊಂದು ವಿಧಗಳು ಹುಟ್ಟುವುದನ್ನು ಕಂಡು ವಿದ್ಯಾರ್ಥಿಗಳು ಬೆರಗಾಗಲೆಂಬ ಉತ್ಸಾಹದಿಂದ ಕರಿಹಲಗೆಯ ಮೇಲೆ ‘ಒಟ್ಟು ವಿಧಗಳು ೨೪!’ ಎಂದು ಬರೆದು, ಸೀಮೆಸುಣ್ಣವನ್ನು ಕೆಳಗಿಟ್ಟೆನು. ಹಿಂದಿನ ಬೆಂಚಿನಿಂದ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, “ಸರ್, ಅದು ಬರೇ ಇಪ್ಪತ್ತನಾಲ್ಕೇನ್ರಿ, ಇಪ್ಪತ್ತನಾಲ್ಕರ ಫ್ಯಾಕ್ಟೋರಿಯಲ್ಲೇನ್ರಿ?” ಎಂದು ಕೇಳಿದಳು. ತರಗತಿ ನಕ್ಕಿತು, ನಾನೂ ನಕ್ಕೆನು. ಆದರೆ ಪ್ರಶ್ನೆ ನಗುವಂಥದಾಗಿರಲಿಲ್ಲ. ನಾನು ಬರೆದುದನ್ನು ಗಣಿತದ ನಿಯಮದಂತೆ ಓದಿದರೆ ಉತ್ತರ ಇಪ್ಪತ್ತನಾಲ್ಕು ಅಂಕಿಗಳುಳ್ಳ ಒಂದು ಮಹಾಸಂಖ್ಯೆಯಾಗುತ್ತಿತ್ತು. ನನ್ನ ಉತ್ತರ ಸರಿಯಾಗಿತ್ತು. ನನ್ನ ವಿರಾಮಚಿಹ್ನೆ ತಪ್ಪಾಗಿತ್ತು.

ಒಂದು ನಿಂತ ಗೆರೆ, ಅದರ ಕೆಳಗೊಂದು ಚುಕ್ಕೆ. ಇಷ್ಟು ಸಣ್ಣ ಗುರುತು ಭಾಷೆಯಲ್ಲಿ ಒಂದು ಕೆಲಸವನ್ನೂ, ಗಣಿತದಲ್ಲಿ ಇನ್ನೊಂದನ್ನೂ, ಔಷಧಿ ಮತ್ತು ರಾಸಾಯನಿಕಗಳ ಸೀಸೆಯ ಮೇಲೆ ಮತ್ತೊಂದನ್ನೂ ಮಾಡುತ್ತದೆ. ಎಲ್ಲಿ ಯಾವ ಅರ್ಥ ಎಂಬುದನ್ನು ತಿಳಿಯದಿದ್ದರೆ ಒಮ್ಮೆ ಅಂಕಗಳು ಹೋಗಬಹುದು, ಒಮ್ಮೆ ಪ್ರಾಣಕ್ಕೇ ಕೇಡಾಗಬಹುದು. ಆದುದರಿಂದ ಈ ಚಿಹ್ನೆಯ ಅರ್ಥವನ್ನೂ ಉಪಯೋಗಗಳನ್ನೂ ಇಲ್ಲಿ ಕ್ರಮವಾಗಿ ವಿಚಾರಿಸೋಣ.

ಚಿಹ್ನೆಯಿಲ್ಲದ ಕಾಲ

ಕೊಪ್ಪಳದ ಗವಿಮಠದ ಬೆಟ್ಟದಲ್ಲಿಯೂ ಅದರ ಸಮೀಪದ ಪಾಲ್ಕಿಗುಂಡಿನಲ್ಲಿಯೂ ಅಶೋಕ ಚಕ್ರವರ್ತಿಯ ಶಾಸನಗಳಿವೆ. ಕ್ರಿ. ಪೂ. ಮೂರನೆಯ ಶತಮಾನದ ಈ ಬರಹಗಳ ಲಿಪಿ ಬ್ರಾಹ್ಮೀ, ಭಾಷೆ ಪ್ರಾಕೃತ. ಆ ಬಂಡೆಗಳ ಮೇಲೆ ಇಂದಿನ ನಮ್ಮ ವಿರಾಮಚಿಹ್ನೆಗಳಾವುವನ್ನೂ ಕಾಣೆವು. ಅನಂತರದ ಕನ್ನಡ ಶಾಸನಗಳಲ್ಲಿ ಮತ್ತು ಓಲೆಗರಿಗಳಲ್ಲಿ ಗದ್ಯಪದ್ಯಗಳ ಕೊನೆಯನ್ನು ತೋರಿಸುವ ನಿಲುಗೆರೆಗಳುಂಟು. ಆಶ್ಚರ್ಯವನ್ನು ತೋರಿಸುವ ಗೆರೆಯಿಲ್ಲ. ‘ಕವಿರಾಜಮಾರ್ಗ’ವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕಿಸುವೊಳಲು, ಪುಲಿಗೆರೆ, ಒಕ್ಕುಂದಗಳೊಡನೆ ಕೊಪಣನಗರವನ್ನೂ, ಎಂದರೆ ಇಂದಿನ ಕೊಪ್ಪಳವನ್ನೂ, ಹೆಸರಿಸಿದೆ. ಆ ತಿರುಳ್ಗನ್ನಡದ ಜನರು ಬೆರಗಾಗುತ್ತಿರಲಿಲ್ಲವೆ? ಮರುಗುತ್ತಿರಲಿಲ್ಲವೆ? ಖಂಡಿತವಾಗಿ ಬೆರಗಾಗುತ್ತಿದ್ದರು, ಮರುಗುತ್ತಿದ್ದರು. ಆದರೆ ಆ ಭಾವವನ್ನು ಅವರು ಗುರುತಿನಲ್ಲಿಡದೆ ಪದದಲ್ಲಿಯೇ ಇಟ್ಟಿದ್ದರು.

ನಮ್ಮ ಭಾಷೆಯಲ್ಲಿ ಇದಕ್ಕೆ ಸಲಕರಣೆಗಳು ಸಾಕಷ್ಟಿವೆ. ಹದಿಮೂರನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದಲ್ಲಿ ಅವ್ಯಯಗಳಿಗೇ ಒಂದು ಪ್ರಕರಣವುಂಟು. ಆಹಾ, ಅಬ್ಬಾ, ಅಯ್ಯೋ, ಛೀ, ಭಲೆ ಎಂಬಂಥ ಪದಗಳನ್ನು ಶಾಲೆಯ ವ್ಯಾಕರಣವು ಭಾವಸೂಚಕಾವ್ಯಯಗಳೆಂದು ಕರೆಯುತ್ತದೆ. ನಮ್ಮ ಕಡೆಯ ಮಾತಿನಲ್ಲಿ ‘ಯಪ್ಪಾ’, ‘ಯವ್ವಾ’, ‘ಅಯ್ಯ ಶಿವನೇ’ ಎಂಬವು ದಿನಕ್ಕೆ ನೂರು ಸಲ ಕಿವಿಗೆ ಬೀಳುತ್ತವೆ. ಸಂಬೋಧನೆಯ ದೀರ್ಘವೂ, ‘ಅಲ್ಲಾ’, ‘ಅಲ್ಲೋ’ ಎಂಬ ಬಾಲಗಳೂ ಇದೇ ಕೆಲಸವನ್ನು ಮಾಡುತ್ತವೆ. ‘ಮಳೆ ಬಂತು’ ಎಂಬುದು ವರದಿ. ‘ಮಳೆ ಬಂತಲ್ಲಾ’ ಎಂಬುದು ಭಾವ. ಗುರುತಿನ ನೆರವಿಲ್ಲದೆಯೇ ಎರಡರ ಅಂತರ ಕಿವಿಗೆ ತಿಳಿಯುತ್ತದೆ.

ಯುರೋಪಿನಲ್ಲಿ ಈ ಚಿಹ್ನೆಯ ಪ್ರಸ್ತಾಪ ಹದಿನಾಲ್ಕನೆಯ ಶತಮಾನದ ಇಟಲಿಯಲ್ಲಿ ತೋರುತ್ತದೆ. ಲ್ಯಾಟಿನಿನಲ್ಲಿ ಸಂತೋಷದ ಉದ್ಗಾರವಾದ ‘ಇಯೋ’ ಎಂಬ ಪದದ ಎರಡು ಅಕ್ಷರಗಳನ್ನು ಒಂದರ ಕೆಳಗೊಂದು ಬರೆದು, ಕೆಳಗಿನ ಸೊನ್ನೆಯಾಕಾರದ ಅಕ್ಷರ ಸವೆದು ಚುಕ್ಕೆಯಾಯಿತೆಂಬುದು ಒಂದು ಪ್ರಸಿದ್ಧ ಊಹೆ. ಕನ್ನಡಕ್ಕೆ ಈ ಗುರುತುಗಳು ಬಂದುದು ಅಚ್ಚಿನೊಡನೆ. ವಿಲಿಯಂ ಕೇರಿಯ ಕನ್ನಡ ವ್ಯಾಕರಣವು ೧೮೧೭ರಲ್ಲಿ ಸೀರಾಂಪುರದಲ್ಲಿ ಮುದ್ರಿತವಾಯಿತು; ೧೮೪೩ರಲ್ಲಿ ಹರ್ಮನ್ ಮೋಗ್ಲಿಂಗನು ಮಂಗಳೂರಿನಿಂದ ‘ಮಂಗಳೂರ ಸಮಾಚಾರ’ ಪತ್ರಿಕೆಯನ್ನು ಹೊರಡಿಸಿದನು. ಹೀಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಬೆಳೆದ ಮುದ್ರಿತ ಗದ್ಯದಲ್ಲಿ ಅಲ್ಪವಿರಾಮ, ಪ್ರಶ್ನಾರ್ಥಕ, ಆಶ್ಚರ್ಯಸೂಚಕಗಳು ಕ್ರಮೇಣ ನೆಲೆಸಿದುವು. ಬಂದ ಮೇಲೂ ಹಾದಿ ಸುಗಮವಾಗಿರಲಿಲ್ಲ. ಹಳೆಯ ಅನೇಕ ಬೆರಳಚ್ಚು ಯಂತ್ರಗಳಲ್ಲಿ ಈ ಚಿಹ್ನೆಗೆ ಕೀಲಿಯೇ ಇರಲಿಲ್ಲ. ಮೊದಲು ಮೇಲ್ಗಡೆಯ ಉದ್ಧರಣದ ಗುರುತನ್ನು ಒತ್ತಿ, ಒಂದು ಮನೆ ಹಿಂದೆ ಸರಿದು, ಅದರ ಕೆಳಗೆ ಚುಕ್ಕೆಯನ್ನು ಒತ್ತಬೇಕಾಗಿತ್ತು. ಮೂರು ಏಟಿನ ಶ್ರಮವಿದ್ದುದರಿಂದ ಬೆರಳಚ್ಚುಗಾರನು ಅದನ್ನು ಯೋಚಿಸಿಯೇ ಬಳಸುತ್ತಿದ್ದಿರಬೇಕು.

ಭಾಷೆಯಲ್ಲಿ ಇದರ ಉಪಯೋಗ

ಬರಹದಲ್ಲಿ ಈ ಚಿಹ್ನೆಯನ್ನು ಎಲ್ಲಿ ಬಳಸಬೇಕು? ಮುಖ್ಯವಾಗಿ ಐದು ಸ್ಥಾನಗಳನ್ನು ಹೇಳಬಹುದು.

ಒಂದು, ಭಾವಸೂಚಕಾವ್ಯಯದ ಮುಂದೆ: ‘ಅಯ್ಯೋ! ದೀಪ ಆರಿತು.’ ಭಾವವು ಮೃದುವಾಗಿದ್ದರೆ ಅಲ್ಪವಿರಾಮವೇ ಸಾಕು: ‘ಅಯ್ಯೋ, ಅದಕ್ಕೇನಂತೆ.’ ಎರಡು, ವಾಕ್ಯವಿಡೀ ಆಶ್ಚರ್ಯ, ದುಃಖ, ಹರ್ಷ ಅಥವಾ ಜುಗುಪ್ಸೆಯಿಂದ ಕೂಡಿದ್ದರೆ ಅದರ ಕೊನೆಗೆ: ‘ಎಂಥ ಬಿಸಿಲು!’ ಮೂರು, ಕೂಗಿ ಹೇಳುವ ಆಜ್ಞೆ ಅಥವಾ ಎಚ್ಚರಿಕೆಯ ಕೊನೆಗೆ: ‘ನಿಲ್ಲು! ತಂತಿಯಲ್ಲಿ ವಿದ್ಯುತ್ತಿದೆ.’ ನಾಲ್ಕು, ಹಾರೈಕೆ ಮತ್ತು ಜಯಘೋಷಗಳಲ್ಲಿ. ಐದು, ವ್ಯಂಗ್ಯದಲ್ಲಿ: ‘ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕ ಕೊಂಡ ಜಾಣ!’ ಈ ಕೊನೆಯದರಲ್ಲಿ ಚಿಹ್ನೆಯು ಮೇಲ್ನೋಟದ ಅರ್ಥವನ್ನು ತಿರುಗಿಸಿಬಿಡುತ್ತದೆ. ಅದನ್ನು ತೆಗೆದರೆ ಹೊಗಳಿಕೆಯೆಂದೇ ಓದುಗರು ಭಾವಿಸಬಹುದು.

‘ಆಶ್ಚರ್ಯಸೂಚಕ’ವೆಂಬ ಹೆಸರಿಗಿಂತ ‘ಭಾವಸೂಚಕ’ವೆಂಬ ಹೆಸರು ಇದಕ್ಕೆ ಹೆಚ್ಚು ಒಪ್ಪುವುದೆಂದು ಮೇಲಿನ ಉದಾಹರಣೆಗಳಿಂದಲೇ ತಿಳಿಯುವುದು. ಐದರಲ್ಲಿ ಆಶ್ಚರ್ಯವು ಒಂದು ಅಂಶ ಮಾತ್ರ.

ಎಲ್ಲಿ ಬಳಸಬಾರದು ಎಂಬುದೂ ಇಷ್ಟೇ ಮುಖ್ಯ. ಸಂಗತಿಯೇ ಸಾಕಷ್ಟು ದೊಡ್ಡದಾಗಿದ್ದರೆ ಚಿಹ್ನೆ ಬೇಡ. ೨೦೨೪ರ ಆಗಸ್ಟ್ ೧೦ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ ೧೯ನೆಯ ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತು. ಕಾಲುವೆಯ ನೀರನ್ನು ನಂಬಿದ ಗಂಗಾವತಿಯ ರೈತನಿಗೆ ಈ ವಾಕ್ಯದ ಕೊನೆಯಲ್ಲಿ ಯಾವ ಗುರುತೂ ಬೇಕಾಗಿಲ್ಲ. ಪೂರ್ಣವಿರಾಮದೊಡನೆಯೇ ಅವನ ಎದೆ ಒಡೆಯುತ್ತದೆ. ಚಿಹ್ನೆಯು ಭಾವವನ್ನು ಸೃಷ್ಟಿಸಲಾರದು, ಇರುವ ಭಾವವನ್ನು ಗುರುತಿಸಬಲ್ಲುದು ಮಾತ್ರ.

ಅಪರೂಪದ ಬೆಲೆ

ಒಂದರ ಬದಲು ಮೂರು ಚಿಹ್ನೆಗಳನ್ನು ಬರೆದರೆ ಭಾವವು ಮೂರು ಪಟ್ಟಾಗುತ್ತದೆಯೆ? ಇದಕ್ಕೆ ವಿಜ್ಞಾನದಲ್ಲಿಯೇ ಉತ್ತರವುಂಟು. ೧೯೪೮ರಲ್ಲಿ ಅಮೆರಿಕದ ಕ್ಲಾಡ್ ಷಾನನ್ ಎಂಬ ಗಣಿತಜ್ಞನು ಮಾಹಿತಿ ಸಿದ್ಧಾಂತವನ್ನು ಪ್ರತಿಪಾದಿಸಿದನು. ಅದರ ತಿರುಳು ಇಷ್ಟು: ಒಂದು ಸಂಕೇತವು ಎಷ್ಟು ಅಪರೂಪವೋ ಅದು ತರುವ ಮಾಹಿತಿ ಅಷ್ಟು ಹೆಚ್ಚು. ಮಾಹಿತಿಯ ಮಾನ ‘ಬಿಟ್’. ಎರಡು ವಾಕ್ಯಗಳಿಗೊಮ್ಮೆ ಈ ಚಿಹ್ನೆ ಬಂದರೆ ಒಂದೊಂದು ಚಿಹ್ನೆಯೂ ೧ ಬಿಟ್ ಮಾಹಿತಿಯನ್ನು ಕೊಡುತ್ತದೆ. ೧೦೨೪ ವಾಕ್ಯಗಳಿಗೊಮ್ಮೆ ಬಂದರೆ ೧೦ ಬಿಟ್. ಏಕೆಂದರೆ ಎರಡನ್ನು ಹತ್ತು ಸಲ ಗುಣಿಸಿದರೆ ೧೦೨೪. ಪ್ರತಿಯೊಂದು ವಾಕ್ಯದ ಕೊನೆಗೂ ಬಂದರೆ ಸೊನ್ನೆ ಬಿಟ್, ಎಂದರೆ ಏನೂ ಇಲ್ಲ. ಆಗ ಅದು ಪೂರ್ಣವಿರಾಮದ ಇನ್ನೊಂದು ಆಕಾರವಷ್ಟೆ.

ಊರಿನ ಕಾವಲುಗಾರನು ಪ್ರತಿ ರಾತ್ರಿಯೂ ‘ಕಳ್ಳ, ಕಳ್ಳ’ ಎಂದು ಕೂಗಿದರೆ ಕಳ್ಳ ಬಂದ ರಾತ್ರಿ ಯಾರೂ ಏಳುವುದಿಲ್ಲ. ಬಸ್ ನಿಲ್ದಾಣದ ಗೋಡೆಯ ಮೇಲಿನ ಹತ್ತು ಜಾಹೀರಾತುಗಳೂ ಈ ಚಿಹ್ನೆಯಿಂದ ಮುಗಿದಿದ್ದರೆ, ಅವುಗಳ ನಡುವೆ ಅಂಟಿಸಿದ ನಿಜವಾದ ಎಚ್ಚರಿಕೆಯೊಂದು ಕಣ್ಣಿಗೆ ಬೀಳದೆ ಹೋಗುತ್ತದೆ. ಜಿಪುಣನು ಹಣವನ್ನು ಬಳಸುವಂತೆ ಇದನ್ನು ಬಳಸಬೇಕೆಂಬ ಹಿರಿಯರ ಸಲಹೆಗೆ ಇಂತಹ ಗಣಿತದ ಆಧಾರವಿದೆ.

ಗಣಿತದಲ್ಲಿ ಇದರ ಅರ್ಥ

ಈಗ ಭಾಷೆಯಿಂದ ಗಣಿತಕ್ಕೆ ಬರೋಣ. ಇಲ್ಲಿ ಈ ಚಿಹ್ನೆಗೆ ಭಾವದ ಸಂಬಂಧವೇ ಇಲ್ಲ. ಸಂಖ್ಯೆಯೊಂದರ ಮುಂದೆ ಇದು ಬಂದರೆ, ಆ ಸಂಖ್ಯೆಯಿಂದ ಒಂದರವರೆಗೆ ಇಳಿಯುತ್ತ ಎಲ್ಲ ಪೂರ್ಣಾಂಕಗಳನ್ನೂ ಗುಣಿಸಬೇಕೆಂದು ಅರ್ಥ. ಇದನ್ನು ಕನ್ನಡದಲ್ಲಿ ಕ್ರಮಗುಣಿತವೆಂದು ಕರೆಯಬಹುದು. ತರಗತಿಗಳಲ್ಲಿ ಫ್ಯಾಕ್ಟೋರಿಯಲ್ ಎಂಬ ಹೆಸರೇ ರೂಢಿ.

೪! = ೪ × ೩ × ೨ × ೧ = ೨೪

ಇದರ ಉಪಯೋಗವನ್ನು ನಮ್ಮ ಜಿಲ್ಲೆಯಿಂದಲೇ ತಿಳಿಯಬಹುದು. ೧೯೯೭ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರೆಯಾದಾಗ ಕೊಪ್ಪಳ ಜಿಲ್ಲೆಗೆ ನಾಲ್ಕು ತಾಲ್ಲೂಕುಗಳಿದ್ದುವು: ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ. ರಾಯಚೂರಿನಿಂದ ಬರುವ ಅಧಿಕಾರಿಯೊಬ್ಬನು ಈ ನಾಲ್ಕು ಊರುಗಳನ್ನೂ ಒಂದೊಂದು ಸಲ ನೋಡಿ ಬರಬೇಕೆಂದುಕೊಳ್ಳೋಣ. ಮೊದಲು ಯಾವ ಊರಿಗೆ ಹೋಗಬೇಕೆಂಬುದಕ್ಕೆ ನಾಲ್ಕು ಆಯ್ಕೆಗಳು. ಅದಾದ ಮೇಲೆ ಉಳಿದ ಮೂರರಲ್ಲಿ ಒಂದು, ಆಮೇಲೆ ಎರಡರಲ್ಲಿ ಒಂದು, ಕೊನೆಗೆ ಉಳಿದದ್ದು ಒಂದೇ. ಆದುದರಿಂದ ಪ್ರವಾಸದ ಕ್ರಮಗಳು ೪ × ೩ × ೨ × ೧, ಎಂದರೆ ೨೪. ಅನಂತರ ಕುಕನೂರು, ಕಾರಟಗಿ, ಕನಕಗಿರಿಗಳೂ ತಾಲ್ಲೂಕು ಕೇಂದ್ರಗಳಾಗಿ ಒಟ್ಟು ಏಳಾದುವು. ಈಗ ಕ್ರಮಗಳೆಷ್ಟು? ೭! = ೫೦೪೦. ಊರುಗಳು ಎರಡು ಪಟ್ಟೂ ಆಗಲಿಲ್ಲ. ಕ್ರಮಗಳು ಮಾತ್ರ ೨೧೦ ಪಟ್ಟಾದುವು. ಒಂದೊಂದು ಕ್ರಮದ ದೂರವನ್ನು ಲೆಕ್ಕ ಹಾಕಲು ಒಂದು ನಿಮಿಷ ಬೇಕಾದರೆ, ಮೊದಲಿನ ಕೆಲಸ ೨೪ ನಿಮಿಷಗಳಲ್ಲಿ ಮುಗಿಯುತ್ತಿತ್ತು. ಈಗಿನದಕ್ಕೆ ಹಗಲೂ ರಾತ್ರಿಯೂ ಸೇರಿ ಮೂರೂವರೆ ದಿನ ಬೇಕು. ಅನೇಕ ಊರುಗಳನ್ನು ಸುತ್ತಲು ಅತ್ಯಂತ ಹತ್ತಿರದ ದಾರಿ ಯಾವುದೆಂಬ ಪ್ರಶ್ನೆಯು ಇಂದಿಗೂ ಗಣಕಯಂತ್ರಗಳನ್ನು ಬೆವರಿಳಿಸುವುದು ಈ ಬೆಳವಣಿಗೆಯ ಕಾರಣದಿಂದಲೇ.

ಇನ್ನೊಂದು ಉದಾಹರಣೆ. ಮುನಿರಾಬಾದಿಗೂ ಹೊಸಪೇಟೆಗೂ ನಡುವಣ ತುಂಗಭದ್ರಾ ಅಣೆಕಟ್ಟಿನ ಮೇಲೆ ೩೩ ಗೇಟುಗಳಿವೆ. ಅವುಗಳನ್ನು ಒಂದಾದ ಮೇಲೊಂದರಂತೆ ತೆರೆಯಬಹುದಾದ ಕ್ರಮಗಳು ೩೩!. ಇದು ಸುಮಾರು ೮೬೮ರ ಮುಂದೆ ೩೪ ಸೊನ್ನೆಗಳನ್ನಿಟ್ಟಷ್ಟು. ವಿಶ್ವದ ವಯಸ್ಸು ಸುಮಾರು ೧೩೮೦ ಕೋಟಿ ವರ್ಷಗಳು. ಸೆಕೆಂಡುಗಳಲ್ಲಿ ಹೇಳಿದರೆ ಸುಮಾರು ೪೩೫ರ ಮುಂದೆ ೧೫ ಸೊನ್ನೆಗಳು. ಸೆಕೆಂಡಿಗೊಂದು ಕ್ರಮವನ್ನು ಬರೆದಿಡುತ್ತ ಹೋದರೆ, ಪಟ್ಟಿ ಮುಗಿಯಲು ವಿಶ್ವದ ವಯಸ್ಸನ್ನು ಸುಮಾರು ೨ರ ಮುಂದೆ ೧೯ ಸೊನ್ನೆಗಳಷ್ಟು ಸಲ ಕಳೆಯಬೇಕು. ಮೂವತ್ತಮೂರು ಎಂಬ ಸಾಧಾರಣ ಸಂಖ್ಯೆಯ ಮುಂದೆ ಒಂದು ಗೆರೆ, ಒಂದು ಚುಕ್ಕೆ ಬಿದ್ದುದರ ಪರಿಣಾಮವಿದು.

ಸೊನ್ನೆಯ ಕ್ರಮಗುಣಿತವೆಷ್ಟು? ಸೊನ್ನೆಯೆಂದು ಹೇಳಲು ನಾಲಗೆ ತವಕಿಸುತ್ತದೆ. ಆದರೆ ಅದು ಒಂದು. ೪!ನ್ನು ೪ರಿಂದ ಭಾಗಿಸಿದರೆ ೩!; ೩!ನ್ನು ೩ರಿಂದ ಭಾಗಿಸಿದರೆ ೨!; ೨!ನ್ನು ೨ರಿಂದ ಭಾಗಿಸಿದರೆ ೧!. ಹಾಗೆಯೇ ೧!ನ್ನು ೧ರಿಂದ ಭಾಗಿಸಿದರೆ ೦! ಬರಬೇಕು, ಅದು ೧. ಇದನ್ನು ಹೀಗೂ ತಿಳಿಯಬಹುದು: ಏನೂ ಇಲ್ಲದ ಕಪಾಟನ್ನು ಜೋಡಿಸುವ ವಿಧ ಒಂದೇ, ಇದ್ದಂತೆ ಬಿಡುವುದು.

ಎಣಿಕೆ ಹಳೆಯದು, ಗುರುತು ಹೊಸದು

ಈ ಎಣಿಕೆಯನ್ನು ನಮ್ಮ ನಾಡಿನವರು ಚಿಹ್ನೆ ಹುಟ್ಟುವುದಕ್ಕೆ ಬಹುಕಾಲ ಮೊದಲೇ ಬಲ್ಲವರಾಗಿದ್ದರು. ‘ಕವಿರಾಜಮಾರ್ಗ’ವು ಹುಟ್ಟಿದ ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿಯೇ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ರಚಿಸಿ, ಹಲವು ವಸ್ತುಗಳಿಂದ ಕೆಲವನ್ನು ಆರಿಸುವ ವಿಧಗಳ ಸಾಮಾನ್ಯ ಸೂತ್ರವನ್ನು ಕೊಟ್ಟನು. ೧೧೫೦ರಲ್ಲಿ ಭಾಸ್ಕರಾಚಾರ್ಯನು ‘ಲೀಲಾವತಿ’ಯ ಅಂಕಪಾಶವೆಂಬ ಭಾಗದಲ್ಲಿ ಎರಡು ಸುಂದರವಾದ ಉದಾಹರಣೆಗಳನ್ನು ಒಡ್ಡಿದನು. ಹತ್ತು ಕೈಗಳ ಶಿವನು ಹತ್ತು ಆಯುಧಗಳನ್ನು ಕೈಯಿಂದ ಕೈಗೆ ಬದಲಿಸಿದರೆ ಎಷ್ಟು ಮೂರ್ತಿಭೇದಗಳಾಗುತ್ತವೆ? ಉತ್ತರ ೩೬,೨೮,೮೦೦, ಇಂದಿನ ಬರಹದಲ್ಲಿ ೧೦!. ನಾಲ್ಕು ಕೈಗಳ ವಿಷ್ಣುವು ಶಂಖ, ಚಕ್ರ, ಗದೆ, ಪದ್ಮಗಳನ್ನು ಹಾಗೆಯೇ ಬದಲಿಸಿದರೆ? ಉತ್ತರ ೨೪. ಸಂಧ್ಯಾವಂದನೆಯಲ್ಲಿ ಕೇಶವನಿಂದ ಕೃಷ್ಣನವರೆಗೆ ಹೇಳುವ ಹೆಸರುಗಳು ಇಪ್ಪತ್ತನಾಲ್ಕೇ. ಶಿಲ್ಪಶಾಸ್ತ್ರದಲ್ಲಿ ಆ ಇಪ್ಪತ್ತನಾಲ್ಕು ಮೂರ್ತಿಗಳನ್ನು ಗುರುತಿಸುವುದು ನಾಲ್ಕು ಕೈಗಳಲ್ಲಿ ಆಯುಧಗಳಿರುವ ಕ್ರಮದಿಂದಲೇ.

ಚಿಹ್ನೆಯನ್ನು ಈ ಅರ್ಥದಲ್ಲಿ ಮೊದಲು ಬಳಸಿದವನು ಕ್ರಿಶ್ಚಿಯನ್ ಕ್ರಾಂಪ್, ೧೮೦೮ರಲ್ಲಿ. ಇಂಗ್ಲೆಂಡಿನಲ್ಲಿ ಸಂಖ್ಯೆಯ ಎಡಕ್ಕೊಂದು ನಿಲುಗೆರೆಯನ್ನೂ ಕೆಳಕ್ಕೊಂದು ಅಡ್ಡಗೆರೆಯನ್ನೂ ಎಳೆದು ಅರ್ಧ ಪೆಟ್ಟಿಗೆಯಂತೆ ಬರೆಯುವ ಇನ್ನೊಂದು ರೂಢಿಯಿತ್ತು. ಹಾಲ್ ಮತ್ತು ನೈಟರ ಬೀಜಗಣಿತವನ್ನು ಓದಿದ ನಮ್ಮ ಹಿರಿಯ ಅಧ್ಯಾಪಕರು ಹಾಗೆಯೇ ಬರೆಯುತ್ತಿದ್ದರು. ಆದರೆ ಆ ಗೆರೆಗಳನ್ನು ಅಚ್ಚಿನಲ್ಲಿ ಜೋಡಿಸುವುದು ತೊಡಕು. ಆಶ್ಚರ್ಯಸೂಚಕದ ಮೊಳೆ ಪ್ರತಿಯೊಂದು ಅಚ್ಚುಕೂಟದಲ್ಲಿಯೂ ಸಿದ್ಧವಾಗಿ ಬಿದ್ದಿತ್ತು. ಕೊನೆಗೆ ಸೌಕರ್ಯವೇ ಗೆದ್ದಿತು. ಎಲ್ಲರೂ ಇದನ್ನು ಒಪ್ಪಲಿಲ್ಲ. ಮಧುರೆಯಲ್ಲಿ ೧೮೦೬ರಲ್ಲಿ ಹುಟ್ಟಿ ಲಂಡನ್ನಿನಲ್ಲಿ ಪ್ರಾಧ್ಯಾಪಕನಾದ ಆಗಸ್ಟಸ್ ಡಿ ಮಾರ್ಗನ್, ಗಣಿತದ ಫಲಗಳಲ್ಲಿ ಎರಡು, ಮೂರು, ನಾಲ್ಕು ಕಂಡುಬಂದುವೆಂದು ಬರೆದವನು ಬೆರಗಾದಂತೆ ಇದು ತೋರುವುದೆಂದು ಹಾಸ್ಯಮಾಡಿದನು. ನನ್ನ ಕರಿಹಲಗೆಯ ಪ್ರಮಾದವನ್ನು ಅವನು ಮೊದಲೇ ಕಂಡಿದ್ದನೆನ್ನಬೇಕು.

ಗುರುತಿನ ಸ್ಥಾನವೂ ಇಲ್ಲಿ ಮುಖ್ಯ. ಸಂಖ್ಯೆಯ ಮುಂದೆ ಎರಡು ಸಲ ಬರೆದರೆ ಒಂದು ಬಿಟ್ಟು ಒಂದನ್ನು ಗುಣಿಸಬೇಕು: ೫!! = ೫ × ೩ × ೧ = ೧೫. ಬೆರಗು ಇಮ್ಮಡಿಸಿದಂತೆ ತೋರಿದರೂ ಬೆಲೆ ೫!ಕ್ಕಿಂತ, ಎಂದರೆ ೧೨೦ಕ್ಕಿಂತ, ಕಡಮೆಯಾಯಿತು. ಚಿಹ್ನೆಯನ್ನು ಸಂಖ್ಯೆಗೆ ಮೊದಲೇ ಬರೆದರೆ ಅರ್ಥವೇ ಬೇರೆ. ನಾಲ್ಕು ತಾಲ್ಲೂಕುಗಳಿಗೆ ಹೋಗಬೇಕಾದ ನಾಲ್ಕು ಪತ್ರಗಳನ್ನು ಗುಮಾಸ್ತನು ನೋಡದೆ ಲಕೋಟೆಗಳಲ್ಲಿ ಹಾಕಿದನೆನ್ನಿ. ಒಂದೂ ಸರಿಯಾದ ಊರಿಗೆ ಹೋಗದಿರುವ ವಿಧಗಳೆಷ್ಟು? ಅದನ್ನು !೪ ಎಂದು ಬರೆಯುತ್ತಾರೆ, ಬೆಲೆ ೯. ಒಟ್ಟು ೨೪ರಲ್ಲಿ ೯, ಎಂದರೆ ಶೇಕಡಾ ೩೭.೫. ಏಳು ತಾಲ್ಲೂಕುಗಳಾದರೆ !೭ = ೧೮೫೪; ಒಟ್ಟು ೫೦೪೦ರಲ್ಲಿ ಸುಮಾರು ಶೇಕಡಾ ೩೬.೮. ಪತ್ರಗಳು ಎಷ್ಟೇ ಹೆಚ್ಚಲಿ, ಎಲ್ಲವೂ ತಪ್ಪುವ ಸಂಭಾವ್ಯತೆ ಇದರ ಆಸುಪಾಸಿನಲ್ಲಿಯೇ ನಿಲ್ಲುತ್ತದೆ.

ಬೆರೆತದ್ದು ಏಕೆ ಬೇರೆಯಾಗದು?

ಭೌತವಿಜ್ಞಾನಿಗೆ ಈ ಚಿಹ್ನೆ ಏಕೆ ಬೇಕು? ಒಂದು ಸಣ್ಣ ಪ್ರಯೋಗವನ್ನು ಊಹಿಸಿರಿ. ಒಂದೇ ಗಾತ್ರದ ೨೦ ಜೋಳದ ಕಾಳುಗಳನ್ನು ಆರಿಸಿ, ಹತ್ತಕ್ಕೆ ಕುಂಕುಮದ ಬಣ್ಣ ಹಚ್ಚಿರಿ. ಒಂದರ ಮೇಲೊಂದು ನಿಲ್ಲುವಷ್ಟು ಮಾತ್ರ ಅಗಲವಾದ ಗಾಜಿನ ಕೊಳವೆಯಲ್ಲಿ ಕೆಳಗೆ ಹತ್ತು ಕೆಂಪು, ಮೇಲೆ ಹತ್ತು ಬಿಳಿ ಕಾಳುಗಳನ್ನು ತುಂಬಿರಿ. ಎಲ್ಲವನ್ನೂ ಹೊರಕ್ಕೆ ಸುರಿದು, ಚೆನ್ನಾಗಿ ಕಲಸಿ, ಮತ್ತೆ ನೋಡದೆ ತುಂಬಿರಿ. ಮೊದಲಿನ ಕ್ರಮವೇ ಬರುವ ಸಂಭಾವ್ಯತೆ ಎಷ್ಟು? ಒಟ್ಟು ಕ್ರಮಗಳು ೨೦!ನ್ನು ೧೦! ಮತ್ತು ೧೦!ಗಳಿಂದ ಭಾಗಿಸಿದಷ್ಟು, ಎಂದರೆ ೧,೮೪,೭೫೬. ಅವುಗಳಲ್ಲಿ ನಮಗೆ ಬೇಕಾದುದು ಒಂದೇ. ನಿಮಿಷಕ್ಕೊಮ್ಮೆ ತುಂಬುತ್ತ ಹೋದರೆ ಸರಾಸರಿ ೧೨೮ ದಿನಗಳಿಗೊಮ್ಮೆ ಅದು ದೊರೆತೀತು. ಕಾಳುಗಳು ನೂರಾದರೆ ವಿಶ್ವದ ವಯಸ್ಸೂ ಸಾಲದು.

ಇದರಲ್ಲಿ ಯಾವ ಮಂತ್ರವೂ ಇಲ್ಲ. ಬೇರೆಬೇರೆಯಾಗಿರುವ ವಿಧ ಒಂದು. ಬೆರೆತಿರುವ ವಿಧಗಳು ಲಕ್ಷ. ಊದುಬತ್ತಿಯ ಹೊಗೆ ಕೋಣೆಯಲ್ಲೆಲ್ಲ ಹರಡಿದ ಮೇಲೆ ಮತ್ತೆ ಬತ್ತಿಯ ತುದಿಗೆ ಬಂದು ಸೇರದಿರುವುದಕ್ಕೂ, ಬಿಸಿ ಚಹ ತಾನಾಗಿ ಆರಿ ತಾನಾಗಿ ಬಿಸಿಯಾಗದಿರುವುದಕ್ಕೂ ಇದೇ ಕಾರಣ. ಆಸ್ಟ್ರಿಯದ ಲುಡ್‌ವಿಗ್ ಬೋಲ್ಟ್ಸ್‌ಮನ್ (೧೮೪೪-೧೯೦೬) ಈ ಎಣಿಕೆಯನ್ನು ಎಂಟ್ರೊಪಿ ಎಂಬ ಭೌತಪರಿಮಾಣದೊಡನೆ ಸೇರಿಸಿದನು. ವಿಯೆನ್ನಾ ನಗರದಲ್ಲಿರುವ ಅವನ ಸಮಾಧಿಯ ಮೇಲೆ ಆ ಸೂತ್ರವನ್ನೇ ಕೆತ್ತಲಾಗಿದೆ.

ಎಚ್ಚರಿಕೆಯ ಗುರುತು

ಮೂರನೆಯ ಅರ್ಥಕ್ಕೆ ಬರೋಣ. ಯಂತ್ರಗಳ ಬಳಿ ಹಳದಿ ತ್ರಿಕೋಣದೊಳಗೆ ಈ ಚಿಹ್ನೆಯಿದ್ದರೆ ‘ಇಲ್ಲಿ ಅಪಾಯವಿದೆ, ನೋಡಿಕೊಂಡು ನಡೆ’ ಎಂದು ಅರ್ಥ. ರಾಸಾಯನಿಕಗಳ ಸೀಸೆಗಳ ಮೇಲೆ ಕೆಂಪು ಅಂಚಿನ ವಜ್ರಾಕೃತಿಯೊಳಗೆ ಇದು ಬರುತ್ತದೆ. ವಿಶ್ವಸಂಸ್ಥೆಯು ೨೦೦೩ರಲ್ಲಿ ಪ್ರಕಟಿಸಿದ ಏಕರೂಪದ ವರ್ಗೀಕರಣದಲ್ಲಿ ಇದರ ಅರ್ಥವನ್ನು ನಿಗದಿಮಾಡಲಾಗಿದೆ: ಚರ್ಮ ಅಥವಾ ಕಣ್ಣಿಗೆ ಉರಿಯುಂಟುಮಾಡುವ, ನುಂಗಿದರೆ ಹಾನಿಕರವಾದ, ತೂಕಡಿಕೆ ತರುವ ವಸ್ತು. ಉಗುರಿನ ಬಣ್ಣವನ್ನು ಅಳಿಸುವ ಅಸಿಟೋನಿನ ಸೀಸೆಯ ಮೇಲೆ ಜ್ವಾಲೆಯ ಗುರುತಿನೊಡನೆ ಇದೂ ಇರುತ್ತದೆ. ಆದರೆ ಕಳ್ಳಬಟ್ಟಿಯಲ್ಲಿ ಬೆರೆತು ಕಣ್ಣನ್ನೂ ಪ್ರಾಣವನ್ನೂ ಕಳೆಯುವ ಮೆಥನಾಲಿನ ಸೀಸೆಯ ಮೇಲೆ ತಲೆಬುರುಡೆ ಮತ್ತು ಎಲುಬುಗಳಿರುತ್ತವೆ. ವಿಷದ ತೀವ್ರತೆಯನ್ನು ತಲೆಬುರುಡೆಯು ಸಾರಿದಲ್ಲಿ ಅದೇ ಕಾರಣಕ್ಕಾಗಿ ಆಶ್ಚರ್ಯಸೂಚಕವನ್ನು ಮತ್ತೆ ಹಾಕುವುದಿಲ್ಲ. ಎಂದರೆ ಇಲ್ಲಿ ಈ ಚಿಹ್ನೆಯು ಕೂಗಲ್ಲ, ದರ್ಜೆಗಳಲ್ಲಿ ತಗ್ಗಿನದು. ಭಾಷೆಯ ಅಭ್ಯಾಸದಿಂದ ಓದಿ ಇದೇ ಅತಿ ಭಯಂಕರವೆಂದು ತಿಳಿಯುವವನು, ಇದು ಕಾಣದ ಸೀಸೆ ಸುರಕ್ಷಿತವೆಂದು ತಿಳಿಯುವ ಸಂಭವವುಂಟು. ಪ್ರಯೋಗಶಾಲೆಯಲ್ಲಿ ಅಂತಹ ಓದು ಅಪಾಯಕರ.

ಗಂಗಾವತಿ, ಕಾರಟಗಿಗಳ ಭತ್ತದ ಗದ್ದೆಗಳಿಗೆ ಸಿಂಪಡಿಸುವ ಕೀಟನಾಶಕಗಳ ಡಬ್ಬಿಗಳ ಮೇಲೆ ನಮ್ಮ ದೇಶದ ೧೯೭೧ರ ನಿಯಮಗಳಂತೆ ಬೇರೊಂದು ಗುರುತಿರುತ್ತದೆ. ಅದೂ ವಜ್ರಾಕೃತಿಯೇ; ಕೆಳಗಿನ ತ್ರಿಕೋಣದ ಬಣ್ಣದಿಂದ ವಿಷದ ಬಲವನ್ನು ತಿಳಿಯಬೇಕು. ಕೆಂಪು ಅತ್ಯಂತ ತೀವ್ರ, ಹಳದಿ ಅದಕ್ಕಿಂತ ಕೊಂಚ ಕಡಮೆ, ನೀಲಿ ಮಧ್ಯಮ, ಹಸಿರು ಅಲ್ಪ. ಹಸಿರೆಂದರೆ ನಿರುಪದ್ರವಿಯೆಂದಲ್ಲ, ಅಲ್ಪವಿಷವೂ ವಿಷವೇ. ಹಳದಿಯೆಂದರೆ ಅರಿಸಿನದಂತೆ ಶುಭವೂ ಅಲ್ಲ. ಮನೆಯಲ್ಲಿ ಓದುಬಲ್ಲ ಮಕ್ಕಳಿದ್ದರೆ ಡಬ್ಬಿಯ ಈ ನಾಲ್ಕು ಬಣ್ಣಗಳನ್ನು ಹಿರಿಯರಿಗೆ ತಿಳಿಸಿಕೊಡುವುದು ಪರೀಕ್ಷೆಯ ಪಾಠಕ್ಕಿಂತ ದೊಡ್ಡ ಪಾಠ.

ಮತ್ತೆ ಕರಿಹಲಗೆಗೆ

ಈಗ ಆ ವಿದ್ಯಾರ್ಥಿನಿಯ ಪ್ರಶ್ನೆಗೆ ಮರಳೋಣ. ನಾನು ಬರೆದ ೨೪!ನ್ನು ಗಣಿತದಂತೆ ಓದಿದರೆ ಬರುವ ಸಂಖ್ಯೆ ಇದು: ೬೨೦೪೪೮೪೦೧೭೩೩೨೩೯೪೩೯೩೬೦೦೦೦. ಸ್ಥೂಲವಾಗಿ ೬೨೦೪ರ ಮುಂದೆ ೨೦ ಸೊನ್ನೆಗಳು. ರಸಾಯನಶಾಸ್ತ್ರವನ್ನು ಓದಿದವರಿಗೆ ಇದರ ನೆರೆಯ ಸಂಖ್ಯೆಯೊಂದು ಕೂಡಲೇ ನೆನಪಾಗುವುದು. ಅವೊಗಾಡ್ರೊ ಸಂಖ್ಯೆ ಸುಮಾರು ೬೦೨೨ರ ಮುಂದೆ ೨೦ ಸೊನ್ನೆಗಳು. ಎರಡಕ್ಕೂ ಅಂತರ ಶೇಕಡಾ ೩ ಮಾತ್ರ. ಇದು ಕೇವಲ ಕಾಕತಾಳೀಯ. ಆದರೆ ನೆನಪಿಡಲು ಒಳ್ಳೆಯದು. ೧೮ ಗ್ರಾಂ ನೀರಿನಲ್ಲಿ, ಎಂದರೆ ಒಂದು ಗುಟುಕಿನಲ್ಲಿ, ಇರುವ ಅಣುಗಳ ಸಂಖ್ಯೆ ಹೆಚ್ಚುಕಡಮೆ ಇಷ್ಟೇ. ನಾಲ್ಕು ಅಣುಗಳ ಲೆಕ್ಕಕ್ಕೆ ಉತ್ತರವಾಗಿ ನಾನು ತುಂಗಭದ್ರೆಯ ಒಂದು ಗುಟುಕು ನೀರಿನ ಅಣುಗಳನ್ನೆಲ್ಲ ಎಣಿಸಿ ಬರೆದಂತಾಗಿತ್ತು.

ಅಂದಿನಿಂದ ಒಂದು ನಿಯಮವನ್ನು ಪಾಲಿಸುತ್ತೇನೆ, ವಿದ್ಯಾರ್ಥಿಗಳಿಗೂ ಹೇಳುತ್ತೇನೆ. ವಾಕ್ಯದ ಕೊನೆಯಲ್ಲಿ ಅಂಕಿ ಇದ್ದರೆ ಭಾವಸೂಚಕ ಚಿಹ್ನೆಯನ್ನು ಹಾಕಬಾರದು. ಬೆರಗನ್ನು ಹೇಳಲೇಬೇಕಾದರೆ ಅಂಕಿಯ ಬಳಿಕ ಒಂದು ಪದವನ್ನು ಸೇರಿಸಬೇಕು: ‘೨೪ ವಿಧಗಳಿವೆ’ ಎಂದರೆ ಸಂದೇಹವಿಲ್ಲ. ಉತ್ತರಪತ್ರಿಕೆಯನ್ನು ತಿದ್ದುವವರಿಗೆ ಬರೆದವನ ಉತ್ಸಾಹವು ಕಾಣುವುದಿಲ್ಲ. ಬರೆದ ಗುರುತು ಮಾತ್ರ ಕಾಣುತ್ತದೆ. ಆ ವಿದ್ಯಾರ್ಥಿನಿಯ ಮುಂದೆಯೇ ನಾನು ಚಿಹ್ನೆಯನ್ನು ಅಳಿಸಿ, ಅದರ ಜಾಗದಲ್ಲಿ ಚುಕ್ಕೆಯನ್ನಿಟ್ಟೆನು.

ಅಭ್ಯಾಸಕ್ಕಾಗಿ

೧. ‘ಕೊಪ್ಪಳ’ ಎಂಬುದರಲ್ಲಿ ಮೂರು ಅಕ್ಷರಗಳಿವೆ, ‘ಗಂಗಾವತಿ’ಯಲ್ಲಿ ನಾಲ್ಕು. 
ಪ್ರತಿಯೊಂದನ್ನೂ ಎಷ್ಟು ಕ್ರಮಗಳಲ್ಲಿ ಜೋಡಿಸಬಹುದು? ‘ಕನಕಗಿರಿ’ಯಲ್ಲಿ ಐದು ಅಕ್ಷರಗಳಿದ್ದರೂ ‘ಕ’ ಎರಡು ಸಲ ಬಂದಿದೆ, ಅಲ್ಲಿ ಎಷ್ಟು?

೨. !೩, ೩!!, (೩!)! ಇವುಗಳ ಬೆಲೆಗಳೇನು?

೩. ೩೩!ನ್ನು ಪೂರ್ತಿಯಾಗಿ ಬರೆದರೆ ಕೊನೆಯಲ್ಲಿ ಎಷ್ಟು ಸೊನ್ನೆಗಳಿರುತ್ತವೆ? ಗುಣಾಕಾರ ಮಾಡದೆ ಹೇಳಿರಿ.

ಉತ್ತರಗಳು: (೧) ೬, ೨೪, ೬೦. (೨) ೨, ೩, ೭೨೦. (೩) ಏಳು. ಐದರ ಒಂದೊಂದು ಅಪವರ್ತನವೂ ಎರಡರೊಡನೆ ಸೇರಿ ಒಂದು ಸೊನ್ನೆಯಾಗುತ್ತದೆ. ೫, ೧೦, ೧೫, ೨೦, ೩೦ ಒಂದೊಂದನ್ನೂ, ೨೫ ಎರಡನ್ನೂ ಕೊಡುತ್ತವೆ.